ಇದ್ದಲ್ಲೇ ಇದ್ದ ಅಜ್ಜ

ಮೇ 4, ಸೋಮವಾರ, ಬೆಳಗ್ಗೆ 6.05

ಮತ್ತೆ ಅದೇ ಹತ್ತು ನಿಮಿಷ. ಉಪಕರಣವನ್ನು ಪೆಟ್ಟಿಗೆಯಿಂದ ತೆಗೆದು ಕಂಬದ ಮೇಲೆ ಕೂರಿಸಿದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಹೊರಗಿನ ಗಾಳಿಗೆ ಅದರ ಮೈ ಒಗ್ಗಬೇಕು. ಇಲ್ಲದಿದ್ದರೆ ಮಿಲಿಮೀಟರಿನಲ್ಲಿ ಸುಳ್ಳು ಹೇಳುತ್ತೆ. ಆ ಹತ್ತು ನಿಮಿಷ ಈ ಡೈರಿಯದ್ದು. ದೂರ ಅಳೆಯೋ ಈ ಉಪಕರಣದ ಹೆಸರು ಟೋಟಲ್ ಸ್ಟೇಷನ್. ಒಂದು ರೈಲೂ ನಿಲ್ಲದ ಸ್ಟೇಷನ್.

ಎದುರಿಗೆ ನಮ್ಮ ಗುಂಡಿ. ಸುರಂಗ ಗಿರಂಗ ಇಲ್ಲ, ಗುಟ್ಟಿಲ್ಲ, ಎಲ್ಲ ಬಯಲಲ್ಲೇ. ಮೇಲಿನ ಬಂಡೆ ಸಿಡಿಸು, ಬಾಚು, ಡಂಪರಿಗೆ ತುಂಬು, ಹಿಂದೆ ಸುರಿ. ಅಡಿಯಲ್ಲಿ ಹದಿನಾಲ್ಕು ಮೀಟರ್ ದಪ್ಪದ ಕಪ್ಪು ಪದರ, ಕಲ್ಲಿದ್ದಲು. ಅದಕ್ಕಾಗಿ ಇಷ್ಟೆಲ್ಲ ಗದ್ದಲ. ಗುಂಡಿಯ ಆಚೆ ದಡದಲ್ಲಿ ಗೋಡೆ, ತೊಂಬತ್ತು ಮೀಟರ್, ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದು. ಅದರ ಮೈಗೆ ಹನ್ನೆರಡು ಗಾಜಿನ ಪ್ರಿಸಂ ನೆಟ್ಟಿದ್ದೇನೆ. ಈಚೆ ದಡದ ಹಳೇ ಮಣ್ಣುಗುಡ್ಡೆಯ ನೆತ್ತಿಯಲ್ಲಿ ನಾನು, ನನ್ನ ಕಾಂಕ್ರೀಟ್ ಕಂಬ. ದಿನಾ ಬೆಳಗ್ಗೆ ಕಂಬದಿಂದ ಹನ್ನೆರಡು ಗಾಜಿಗೂ ದೂರ ಅಳೆಯೋದು. ದೂರ ಕಡಿಮೆಯಾದರೆ ಗೋಡೆ ಮುಂದೆ ಬರುತ್ತಿದೆ ಅಂತ ಅರ್ಥ. ಆಗದಿದ್ದರೆ ಎಲ್ಲರಿಗೂ ಚಹಾ.

ಕಂಬದ ಹೆಸರು ಅಜ್ಜ. ಮೂರು ವರ್ಷದಿಂದ ಕೂತಲ್ಲಿಂದ ಎದ್ದಿಲ್ಲ. ಅಜ್ಜ ನಿಜಕ್ಕೂ ಕೂತೇ ಇದ್ದಾನೋ ಅಂತ ನೋಡಲು ಇನ್ನೊಂದು ಗುರುತು ಬೇಕು. ಮೊದಲು ಬೆನ್ನ ಹಿಂದೆ ಕಾಲೊನಿಯ ನೀರಿನ ಟ್ಯಾಂಕ್ ಇತ್ತು. ಮಾರ್ಚಿನಿಂದ ವ್ಯಾಗನ್ ಸರಿಯಾಗಿ ಬರದೆ ಕಲ್ಲಿದ್ದಲಿನ ರಾಶಿ ಬೆಳೆದು ಟ್ಯಾಂಕ್ ಮರೆಯಾಯಿತು. ಅದಕ್ಕೆ ಮೂವತ್ತು ಮೀಟರ್ ಆಚೆ ಒಂದು ಕಬ್ಬಿಣದ ಸರಳು ನೆಟ್ಟುಕೊಂಡೆ. ಅಜ್ಜನ ಪಕ್ಕ ಇನ್ಯಾರು ಇರ್ತಾರೆ, ಅಜ್ಜಿ. ವಾರಕ್ಕೊಮ್ಮೆ ಅಜ್ಜನಿಂದ ಅಜ್ಜಿಗೆ ಅಳೆಯುತ್ತೇನೆ. ಒಂಬತ್ತು ವಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರ್ಶ ದಾಂಪತ್ಯ.

ಗೋಡೆಯ ಬುಡದಲ್ಲಿ ದೊಡ್ಡಮ್ಮ, ಅಂದರೆ ದೊಡ್ಡ ಕರೆಂಟ್ ಶವೆಲ್ಲು, ಬಕೆಟಿನಿಂದ ಕಲ್ಲಿದ್ದಲು ಬಾಚೋ ಯಂತ್ರ. ಅದನ್ನು ನಡೆಸೋದು ನಮ್ಮ ಭಾವ, ಅಕ್ಕನ ಗಂಡ. ಈ ಗಣಿಯಲ್ಲಿ ಎಲ್ಲರೂ ನೆಂಟರೇ.

ವಾಕಿಟಾಕಿ ಗೊರಗೊರ ಅಂತು. ಭಾವನ ದಿನನಿತ್ಯದ ಮಂತ್ರ.

"ಏನಪ್ಪಾ ಸರ್ವೆ, ಗೋಡೆ ಹೇಗಿದೆ?"

"ಇದ್ದಲ್ಲೇ ಇದೆ ಭಾವ."

"ನೀನು?"

"ನಾನೂ ಇದ್ದಲ್ಲೇ. ಇನ್ಕ್ರಿಮೆಂಟ್ ಬಂದಿಲ್ಲ."

ಇಷ್ಟು ಕೇಳಿದ ಮೇಲೇ ಅವರು ಬಕೆಟ್ ಎತ್ತೋದು. ಆರು ವರ್ಷದ ರೂಢಿ.

ಮೇ 6, ಬುಧವಾರ, ಮಧ್ಯಾಹ್ನ

ಡ್ರಿಲ್ಲಕ್ಕ ಬಂದಿದ್ದರು. ಗೋಡೆಯ ನೆತ್ತಿಯ ಬೆಂಚಿನಲ್ಲಿ, ಅಂದರೆ ಮೇಲಿನ ಮೆಟ್ಟಿಲಿನಲ್ಲಿ, ಸಿಡಿಮದ್ದು ತುಂಬಲು ತೂತು ಕೊರೆಯೋರು. ಇಪ್ಪತ್ತೆರಡು ವರ್ಷ ಬಂಡೆ ಕೊರೆದು ಈಗ ಮನುಷ್ಯರನ್ನೂ ಹಾಗೇ ಕೊರೀತಾರೆ ಅಂತ ಅವರೇ ಹೇಳಿಕೊಳ್ಳೋದು.

"ಸರ್, ನಿನ್ನೆ ಐದು ತೂತು ಹನ್ನೆರಡು ಮೀಟರ್ ಕೊರ್ದೆ. ಇವತ್ತು ಮದ್ದು ತುಂಬೋ ಮುಂಚೆ ಟೇಪ್ ಬಿಟ್ರೆ ಒಂಬತ್ತಕ್ಕೇ ನಿಂತುಬಿಡ್ತು."

"ಕಸ ಬಿದ್ದಿರುತ್ತೆ ಅಕ್ಕ."

"ಕಸ ಆದ್ರೆ ಒಂದ್ರಲ್ಲಿ ಹತ್ತು, ಒಂದ್ರಲ್ಲಿ ಏಳು ಅಂತ ಇರ್ಬೇಕಲ್ವಾ? ಐದಕ್ಕೂ ಒಂಬತ್ತೇ. ಯಾರೋ ಸಾಲಾಗಿ ನಿಲ್ಲಿಸಿ ಕುತ್ತಿಗೆ ಹಿಸುಕಿದ ಹಾಗಿದೆ. ಒಳಗೇನೋ ಜಾರ್ತಾ ಇದೆ ಸರ್."

ಕಂಪ್ಯೂಟರಿನ ಗ್ರಾಫ್ ತೋರಿಸಿದೆ. ಹನ್ನೆರಡು ಗಾಜು, ಹನ್ನೆರಡು ಗೆರೆ, ಎಲ್ಲ ಮಲಗಿದ ಹಾವಿನ ಹಾಗೆ ಚಪ್ಪಟೆ. "ನಿಮ್ಮ ಟೇಪು ಮೀಟರಿನಲ್ಲಿ ಮಾತಾಡುತ್ತೆ, ನನ್ನದು ಮಿಲಿಮೀಟರಿನಲ್ಲಿ. ಯಾರ ಮಾತು ಸಣ್ಣದು?"

"ಸಣ್ಣ ಮಾತು ನಿಮ್ಮದೇ ಸರ್," ಅಂದು ಹೋದರು. ಮಾತು ಚೆನ್ನಾಗಿತ್ತು, ಬರೆದಿಟ್ಟಿದ್ದೇನೆ.

ಗೆರೆ ಪೂರ್ತಿ ಚಪ್ಪಟೆಯೇನೂ ಅಲ್ಲ. ವಾರಕ್ಕೆ ಒಂದು ಮಿಲಿಮೀಟರ್ ಆ ಕಡೆ ಈ ಕಡೆ ಇದೆ. ಅದನ್ನು ಬಿಸಿಲಿನ ತಲೆಗೆ ಕಟ್ಟಿದ್ದೇನೆ. ಬಿಸಿಲು ಎದುರು ಮಾತಾಡೋಲ್ಲ.

ಮೇ 7, ಗುರುವಾರ, ಸಂಜೆ

ಅಕ್ಕನ ಮನೆಯಲ್ಲಿ ಊಟ. ಅವರ ಕ್ವಾರ್ಟರ್ಸಿಗೂ ನನ್ನದಕ್ಕೂ ನಡುವೆ ಒಂದು ಇಟ್ಟಿಗೆ ಗೋಡೆ. ಅದನ್ನು ಅಳೆಯೋ ಕೆಲಸ ನನಗಿಲ್ಲ, ಆ ಕಡೆಯಿಂದ ಅಕ್ಕ ಒಗ್ಗರಣೆ ಹಾಕಿದರೆ ಈ ಕಡೆ ನಾನು ಸೀನುತ್ತೇನೆ. ಭಾವ ಬೂಟು ಬಿಚ್ಚುತ್ತಾ, "ಗೋಡೆಯಿಂದ ಸಣ್ಣ ಕಲ್ಲು ಉದುರ್ತಿದೆ ಕಣೋ. ಕ್ಯಾಬಿನ್ ಮೇಲೆ ಟಪ್ ಟಪ್ ಅಂತ," ಅಂದರು.

"ನಿಮ್ಮನ್ನ ಕಂಡ್ರೆ ಅದಕ್ಕೂ ಸಲಿಗೆ," ಅಂದೆ.

ಅಕ್ಕ ತಟ್ಟೆ ಇಡುತ್ತಾ, "ತಮಾಷೆ ಇರ್ಲಿ. ನೀನು ಸರಿಯಾಗಿ ನೋಡ್ತಿದ್ದೀಯ ತಾನೆ?" ಅಂದಳು.

"ಅವನು ಸಹಿ ಹಾಕಿದ ಮೇಲೇ ನಾನು ಕೆಳಗಿಳಿಯೋದು," ಭಾವ ಹೇಳಿದರು. "ಇವನ ಜೋಕು ನಂಬಬೇಡ, ಸಹಿ ನಂಬು."

ಬುಡದ ಕಲ್ಲಿದ್ದಲಿನ ಕೊನೇ ಪಟ್ಟಿ ತೆಗೆಯಲು ಇನ್ನು ಹದಿನೈದು ದಿನ ಸಾಕಂತೆ.

ಮೇ 11, ಸೋಮವಾರ, ಬೆಳಗ್ಗೆ 6.05

ಮೂರು ದಿನದಿಂದ ವ್ಯಾಗನ್ನುಗಳ ಮೇಲೆ ವ್ಯಾಗನ್ನು. ಕಲ್ಲಿದ್ದಲಿನ ರಾಶಿ ಕರಗುತ್ತಿದೆ. ಮಂತ್ರ ಮುಗೀತು. ಗೋಡೆ ಇದ್ದಲ್ಲೇ.

11.20

ಟ್ಯಾಂಕ್ ಕಾಣ್ತಿದೆ. ಹತ್ತು ವಾರದ ಮೇಲೆ. ಹಳೇ ಗೆಳೆಯನನ್ನು ಮಾತಾಡಿಸೋಣ ಅಂತ ಸುಮ್ಮನೆ ಉಪಕರಣ ತಿರುಗಿಸಿದೆ.

ಫೆಬ್ರವರಿಗಿಂತ ಎಪ್ಪತ್ತಾರು ಮಿಲಿಮೀಟರ್ ಹತ್ತಿರ.

ಮತ್ತೆ ಅಳೆದೆ. ಎಪ್ಪತ್ತಾರು. ಗಾಜು ಒರೆಸಿ ಅಳೆದೆ. ಎಪ್ಪತ್ತಾರು. ಟ್ಯಾಂಕ್ ಗಟ್ಟಿ ಬಂಡೆಯ ಮೇಲಿದೆ, ಅದು ನಡೆದು ಬರೋಲ್ಲ. ಹಾಗಾದರೆ ನಡೆದದ್ದು ಅಜ್ಜ.

11.45

ಗುಡ್ಡೆ ಇಳಿದು ಹೊರಗಿನ ಬುಡ ನೋಡಿ ಬಂದೆ. ಗುಂಡಿಯಲ್ಲಿ ಸೇರುವ ನೀರನ್ನು ಪಂಪು ಮಾಡಿ ಅಲ್ಲಿಗೇ ಬಿಡುತ್ತಿದ್ದಾರೆ. ಗುಡ್ಡೆಯ ಕಾಲು ನೆನೆದು ಮೆತ್ತಗಾಗಿದೆ. ಇಡೀ ಗುಡ್ಡೆ ಗುಂಡಿಗೆ ಬೆನ್ನು ಹಾಕಿ ಕಾಲೊನಿ ಕಡೆ ನಿಧಾನಕ್ಕೆ ಜಾರುತ್ತಿದೆ. ಅದರ ನೆತ್ತಿಯಲ್ಲಿ ಅಜ್ಜ. ಅದೇ ನೆತ್ತಿಯಲ್ಲಿ ಅಜ್ಜಿ.

ಅಂದರೆ ಗೋಡೆ ಒಂದು ಹೆಜ್ಜೆ ಮುಂದೆ ಬಂದರೆ ಅಜ್ಜ ಒಂದು ಹೆಜ್ಜೆ ಹಿಂದೆ. ನಡುವಿನ ದೂರ ಹಾಗೇ. ಅಜ್ಜ ಸರಿದನೇ ಅಂತ ಅಜ್ಜಿಯನ್ನು ಕೇಳಿದೆ, ಅವಳು "ನನ್ನ ಪಕ್ಕದಲ್ಲೇ ಇದ್ದಾರಲ್ಲ" ಅಂದಳು. ಒಂದೇ ದೋಣಿಯಲ್ಲಿ ಕೂತವರನ್ನು ಒಬ್ಬರಿಗೊಬ್ಬರು ಸಾಕ್ಷಿ ಹಾಕಿಸಿದವನು ನಾನು. ಸರಳು ನೆಡುವಾಗ ಇನ್ನೂರು ಮೀಟರ್ ನಡೆದು ಬಂಡೆಯ ಮೇಲೆ ನೆಡಬಹುದಿತ್ತು. ಬಿಸಿಲಿತ್ತು. ನಡೆಯಲಿಲ್ಲ.

ಗೋಡೆ ಹತ್ತು ವಾರದಲ್ಲಿ ಏಳೂವರೆ ಸೆಂಟಿಮೀಟರ್ ಮುಂದೆ ಬಂದಿದೆ. ಡ್ರಿಲ್ಲಕ್ಕನ ಐದು ತೂತು ಒಂಬತ್ತು ಮೀಟರಿನಲ್ಲಿ ಕತ್ತರಿಸಿ ಹೋದದ್ದು ಅದಕ್ಕೇ. ಅಲ್ಲೇ ಒಳಗೆ ಜಾರುಪದರ. ದೊಡ್ಡಮ್ಮ ದಿನಾ ಬಾಚುತ್ತಿರೋದು ಗೋಡೆ ಊರಿ ನಿಂತ ಕಾಲ್ಬೆರಳನ್ನೇ.

12.10

ಭಾವ ವಾಕಿಟಾಕಿಯಲ್ಲಿ ಬಂದರು. ಡಂಪರು ಬರೋದು ತಡವಾಗಿ ಬೇಜಾರಂತೆ. "ಏನಪ್ಪಾ ಸರ್ವೆ, ಗೋಡೆ ಹೇಗಿದೆ?"

"ಇದ್ದಲ್ಲೇ ಇದೆ ಭಾವ."

ಬಾಯಿ ತನ್ನಷ್ಟಕ್ಕೆ ಹೇಳಿತು. ಸರಿ ಮಾಡಬಹುದಿತ್ತು. ವಾಕಿಟಾಕಿಯ ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ.

4.30

ವರದಿ ಬರೆದೆ. "ಇಂದಿನಿಂದ ಅಲ್ಪ ಚಲನೆ ಕಂಡುಬಂದಿದೆ, ದಿನಕ್ಕೆ ಒಂದೆರಡು ಮಿ.ಮೀ. ಗಮನಿಸಲಾಗುತ್ತಿದೆ." ಕಾಲೇಜಿನಲ್ಲಿ ಕಲಿತ ಭಾಷೆ ಇಂಥ ಹೊತ್ತಿಗೆ ಬಲು ಉಪಯೋಗಕ್ಕೆ ಬರುತ್ತೆ. ಕರ್ತೃವೇ ಇಲ್ಲದ ವಾಕ್ಯ. ಯಾರು ಗಮನಿಸುತ್ತಿದ್ದಾರೆ? ಯಾರೂ ಇಲ್ಲ.

ಅಜ್ಜಿಯ ವಿಷಯ ಬರೆಯಲಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗೋಲ್ಲ. ಮ್ಯಾನೇಜರ್ ಸಾಹೇಬರು ಓದಿ, "ಎರಡು ತಾನೆ? ಗಮನಿಸ್ತಾ ಇರಿ," ಅಂದರು. ಅಷ್ಟೇ. ಎರಡು ಮಿಲಿಮೀಟರ್ ಅಂದರೆ ಗೋಡೆಗೆ ತುರಿಕೆ. ಎಪ್ಪತ್ತಾರು ಅಂದರೆ ಗೋಡೆ ಹೊರಟಿದೆ. ಎಪ್ಪತ್ತಾರು ಹೇಳಬೇಕಾದರೆ ಅಜ್ಜಿಯ ಕತೆಯನ್ನೂ ಹೇಳಬೇಕು.

ಕಾದ ಹಂಚಿನ ಮೇಲೆ ಕೂತ ಹಾಗಿದೆ.

ಮೇ 12, ಮಂಗಳವಾರ, ಬೆಳಗ್ಗೆ 5.50

ಇವತ್ತು ಉಪಕರಣ ತೆಗೆದಿಲ್ಲ. ಹತ್ತು ವಾರದ್ದೂ ಕೈಬರಹದಲ್ಲಿ ಬರೆದೆ. ಎರಡು ಪುಟ. ಕರ್ತೃ ಎಲ್ಲ ಕಡೆ "ನಾನು". ಸಾಹೇಬರು ಬರುವುದು ಆರಕ್ಕೆ, ಭಾವ ಇಳಿಯುವುದೂ ಆರಕ್ಕೆ.

ಮಧ್ಯಾಹ್ನ 1.15

"ಸಾರ್, ನನ್ನ ಕಂಬ ಜರುಗಿದೆ."

"ಜರುಗಿದ್ರೆ ಸರಿ ಮಾಡ್ಸಿ."

"ಹತ್ತು ವಾರದಿಂದ ಜರುಗ್ತಿದೆ. ಹತ್ತು ವಾರದ ನನ್ನ ವರದಿ ಎಲ್ಲ ತಪ್ಪು. ಗೋಡೆ ಏಳೂವರೆ ಸೆಂಟಿಮೀಟರ್ ಬಂದಿದೆ."

ಸಾಹೇಬರು ಕನ್ನಡಕ ತೆಗೆದರು, ಹಾಕಿದರು. "ಇದನ್ನ ಬರ್ದು ಕೊಡ್ತೀರಾ?"

"ತಂದಿದ್ದೀನಿ."

ಎರಡು ಸಲ ಓದಿದರು. ಬೈಯುತ್ತಾರೆ ಅಂತ ಕಾದೆ. ವಾಕಿಟಾಕಿ ಎತ್ತಿ, "ದೊಡ್ಡಮ್ಮನ್ನ ಆಚೆ ತನ್ನಿ. ಈಗ್ಲೇ," ಅಂದರು. ಆ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು.

ದೊಡ್ಡಮ್ಮನ ನಡಿಗೆ ದೊಡ್ಡಮ್ಮನ ನಡಿಗೆಯೇ. ತೊಡೆ ಗಾತ್ರದ ಕರೆಂಟ್ ಕೇಬಲ್ಲನ್ನು ಆರು ಜನ ಕೊಕ್ಕೆ ಹಾಕಿ ಎಳೆಯುತ್ತಾ ಮುಂದೆ, ಇವಳು ಹಿಂದೆ. ಐನೂರು ಮೀಟರಿಗೆ ಎರಡು ಗಂಟೆ ಹತ್ತು ನಿಮಿಷ. ಎರಡು ಗಂಟೆ ಹತ್ತು ನಿಮಿಷವೂ ನಾನು ಗೋಡೆ ನೋಡುತ್ತಾ ದಡದಲ್ಲಿ ನಿಂತಿದ್ದೆ. ನೋಡಿದರೆ ನಿಲ್ಲುತ್ತೆ ಅನ್ನೋ ಹಾಗೆ.

ಸಂಜೆ 5.40

ಭಾವ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಬೂಟು ಬಿಚ್ಚಿರಲಿಲ್ಲ.

"ಯಾವಾಗ ಗೊತ್ತಾಯ್ತು?"

"ನಿನ್ನೆ. ಹನ್ನೊಂದೂ ಇಪ್ಪತ್ತಕ್ಕೆ."

"ಹನ್ನೆರಡೂ ಹತ್ತಕ್ಕೆ ನಾನು ಕೇಳಿದ್ನಲ್ಲ?"

"ಹೂಂ."

"ನೋಡು, ಹತ್ತು ವಾರ ನಿಂಗೂ ಗೊತ್ತಿರ್ಲಿಲ್ಲ. ಅದು ತಪ್ಪು. ತಪ್ಪು ನಾನೂ ಮಾಡ್ತೀನಿ, ಹೋದ ವರ್ಷ ಡಂಪರಿನ ಬಾಗಿಲಿಗೇ ಬಕೆಟ್ ಬಡಿದಿದ್ದೆ. ಹನ್ನೆರಡೂ ಹತ್ತಕ್ಕೆ ನೀನು ಹೇಳಿದ್ದು ತಪ್ಪಲ್ಲ."

ಅದೇನು ಅಂತ ಅವರು ಹೇಳಲಿಲ್ಲ. ಒಳಗೆ ಹೋದರು. ಭಾವನ ಮುಖದಲ್ಲಿ ಭಾವವೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಈ ಮಾತನ್ನು ಅವರಿಗೇ ಹೇಳಿ ನಗಿಸುತ್ತಿದ್ದೆ.

ಮೇ 16, ಶನಿವಾರ, ಬೆಳಗ್ಗೆ 6.05

ಹೊಸ ಜಾಗ. ಗುಡ್ಡೆಯಿಂದ ಇನ್ನೂರು ಮೀಟರ್ ಆಚೆ, ದಡದ ಬಂಡೆಯ ಮೇಲೆ. ಹೊಸ ಕಂಬಕ್ಕೆ ಹೆಸರಿಟ್ಟಿಲ್ಲ. ಹತ್ತು ನಿಮಿಷ ಬಹಳ ಉದ್ದ ಇದೆ.

ವಾಕಿಟಾಕಿ ಸುಮ್ಮನಿದೆ. ನಾಲ್ಕು ದಿನದಿಂದ ಯಾರೂ ಏನೂ ಕೇಳಿಲ್ಲ. ಅಕ್ಕ ಹಿತ್ತಲ ಗೋಡೆಯ ಮೇಲಿಂದ ಊಟದ ಡಬ್ಬಿ ದಾಟಿಸುತ್ತಾಳೆ, ಮಾತು ದಾಟಿಸೋಲ್ಲ. ನಿನ್ನೆ ಡಬ್ಬಿ ತೊಳೆದು ಕೊಟ್ಟಾಗ ಒಂದೇ ಮಾತು: "ಅವರೇನು ನಿನಗೆ ಪ್ರಿಸಮ್ಮಾ?"

ಗೋಡೆ ದಿನಕ್ಕೆ ಎರಡು ಮಿ.ಮೀ.

ಮೇ 21, ಗುರುವಾರ

ಡ್ರಿಲ್ಲಕ್ಕನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಯಂತ್ರದ ಸದ್ದಿಗೆ ಕೇಳಿಸಲಿಲ್ಲವಂತೆ. ಗಟ್ಟಿಯಾಗಿ ಕೇಳಿದೆ. ಆಗಲೂ ಕೇಳಿಸಲಿಲ್ಲವಂತೆ. ಮೂರನೇ ಸಲ ಇಡೀ ಬೆಂಚಿಗೆ ಕೇಳುವ ಹಾಗೆ ಕೂಗಿದ ಮೇಲೆ, "ಆಯ್ತು ಬಿಡಿ ಸರ್, ಅಷ್ಟು ದೊಡ್ಡ ಮಾತೇನಲ್ಲ," ಅಂದರು. ಸಹಾಯಕರೆಲ್ಲ ಬೆನ್ನು ತಿರುಗಿಸಿ ನಗುತ್ತಿದ್ದರು.

ಈಗ ಜನರನ್ನು ನೆತ್ತಿಯ ಅಂಚಿನಿಂದ ದೂರ ಇಟ್ಟಿದ್ದಾರೆ. ಆದರೆ ಡ್ರಿಲ್ಲಕ್ಕ ಹಳೇ ತೂತುಗಳಿಗೆ ದೂರದಿಂದಲೇ ಕಂಬಿಯ ತುದಿಗೆ ಕಟ್ಟಿದ ಟೇಪು ಬಿಡುತ್ತಾರೆ. ಐದರಲ್ಲಿ ನಾಲ್ಕು ಈಗ ಪೂರ್ತಿ ಮುಚ್ಚಿಕೊಂಡಿವೆ.

ಗೋಡೆ ಮಾತ್ರ ನಿಧಾನವಾಗಿದೆ. ದಿನಕ್ಕೆ ಒಂದು ಮಿ.ಮೀ. ಬುಡ ಬಾಚೋದು ನಿಂತದ್ದಕ್ಕೆ ಇರಬೇಕು. ಕ್ಯಾಂಟೀನಿನಲ್ಲಿ ಹಿಂದಿನ ಮೇಜಿನವರು: "ಮೊದ್ಲು ಗೋಡೆ ನಡೆದ್ರೂ ನಿಂತಿದೆ ಅಂದ. ಈಗ ನಿಂತ್ರೂ ನಡೀತಿದೆ ಅಂತಾನೆ." ಚೆನ್ನಾಗಿದೆ. ನಾನೇ ಹೇಳಬಹುದಾಗಿದ್ದ ಮಾತು.

ಮೇ 25, ಸೋಮವಾರ, ಮಧ್ಯಾಹ್ನ 12.30

ಸಾಹೇಬರು ಕರೆದಿದ್ದರು. ನಾನು, ಡ್ರಿಲ್ಲಕ್ಕ, ಭಾವ. ಮೇಜಿನ ಮೇಲೆ ನನ್ನ ಗ್ರಾಫು.

"ಎರಡು ಇದ್ದದ್ದು ಒಂದಾಗಿದೆ. ಗೋಡೆಗೆ ಬೀಳೋ ಮನಸ್ಸಿಲ್ಲ. ಬುಡದಲ್ಲಿ ಹನ್ನೊಂದು ದಿನದ ಕಲ್ಲಿದ್ದಲಿದೆ, ತೆಗೆದು ಕೈ ತೊಳ್ಕೊಳ್ಳೋಣ. ಸಹಿ ಹಾಕಿ."

"ಬಾಚೋದು ಶುರು ಮಾಡಿದ್ರೆ ಮತ್ತೆ ಓಡುತ್ತೆ ಸಾರ್. ಮೇಲೆ ಬಿರುಕು ಬಾಯಿ ಬಿಟ್ಟಿದೆ. ಒಂದು ಮಳೆ ನೀರು ಒಳಗೆ ಹೋದ್ರೆ ಸಾಕು."

"ಹತ್ತು ವಾರ ಕಣ್ಣು ಮುಚ್ಚಿಕೊಂಡು ಹಾಕಿದ್ರಲ್ಲ ಸಹಿ?"

ಮುಖದ ಮೇಲೆ ಹೊಡೆದ ಹಾಗಾಯಿತು. ಹೊಡೆತ ಸರಿಯಾಗಿಯೇ ಇತ್ತು. "ಹೌದು ಸಾರ್. ಅದಕ್ಕೇ ಈಗ ಹಾಕೋಲ್ಲ," ಅಂದೆ. ಜೋಕು ಒಂದೂ ನೆನಪಾಗಲಿಲ್ಲ.

ಡ್ರಿಲ್ಲಕ್ಕ ತಮ್ಮ ತೂತಿನ ಪಟ್ಟಿ ಮೇಜಿನ ಮೇಲಿಟ್ಟರು. ಪೆನ್ಸಿಲಿನಲ್ಲಿ ಬರೆದದ್ದು. ತಾರೀಖು, ಆಳ, ತಾರೀಖು, ಆಳ. ಸಾಹೇಬರು ಅದನ್ನು ನೋಡಿ, ನೋಡದ ಹಾಗೆ ಮಾಡಿ, ಭಾವನ ಕಡೆ ತಿರುಗಿದರು.

"ನೀವು ಹೇಳಿ. ಇಳೀತೀರಾ?"

ಭಾವ ನನ್ನ ಕಡೆ ನೋಡಲಿಲ್ಲ. ಕಿಟಕಿ ನೋಡುತ್ತಾ ಹೇಳಿದರು: "ಸರ್ವೆ ಸಹಿ ಇದ್ರೆ ಇಳೀತೀನಿ ಸಾರ್. ಇಲ್ದಿದ್ರೆ ಇಲ್ಲ."

"ಅವರ ಸಹಿ ಮೇಲೆ ಇನ್ನೂ ನಂಬಿಕೆನಾ?"

"ಹಾಕೋಲ್ಲ ಅಂತಿದ್ದಾರಲ್ಲ. ಅದನ್ನ ನಂಬ್ತೀನಿ."

ಸಾಹೇಬರು "ಸರಿ, ಸರಿ, ಸರಿ" ಅಂದರು. ಮೂರು ಸಲ ಸರಿ ಅಂದರೆ ಸರಿಯಿಲ್ಲ ಅಂತ. ಆದರೂ ಮುಂದಿನ ಸೋಮವಾರದವರೆಗೆ ನೋಡೋಣ ಅಂದರು. ಹೊರಗೆ ಬಂದ ಮೇಲೆ ಭಾವನ ಹಿಂದೆ ನಾಲ್ಕು ಹೆಜ್ಜೆ ಹೋದೆ. ಅವರು ನಿಲ್ಲಲಿಲ್ಲ.

ಮೇ 28, ಗುರುವಾರ, ಬೆಳಗ್ಗೆ 6.05

ನಿನ್ನೆ ಮಧ್ಯಾಹ್ನ ಮಳೆ, ಮುಕ್ಕಾಲು ಗಂಟೆ. ಇವತ್ತು ಒಂಬತ್ತು ಮಿ.ಮೀ. ಮೊದಲು ಟ್ಯಾಂಕಿಗೆ ಅಳೆದೆ, ಕಂಬ ಇದ್ದಲ್ಲೇ ಇದೆ. ಮತ್ತೆ ಗೋಡೆಗೆ. ಒಂಬತ್ತೇ.

ಗುಂಡಿಯ ಆ ಪಾಲಿನಿಂದ ಪಂಪಿನವರನ್ನೂ ಮೇಲೆ ಕರೆಸಿದೆ. ಬೈದುಕೊಂಡು ಬಂದರು. ಬೈಯಲಿ.

ಮೇ 29, ಶುಕ್ರವಾರ

6.15 — ಮೂವತ್ತೊಂದು.

8.00 — ಇನ್ನೂ ಹದಿನೆಂಟು.

9.30 — ನಾಲ್ಕನೇ ಗಾಜು ಕಾಣ್ತಿಲ್ಲ. ಬಿತ್ತೋ, ತಿರುಗಿತೋ. ಕೆಳಗೆ ಯಾರೂ ಇಲ್ಲ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಯಾರೂ ಇಲ್ಲ ಅಂದರು.

10.25

ಬಿತ್ತು.

ಸದ್ದು ಆಮೇಲೆ ಬಂತು. ಮೊದಲು ಇಡೀ ಮೆಟ್ಟಿಲು ಸಾಲು ನಿಂತಲ್ಲೇ ಕೂತಿತು, ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ. ಆಮೇಲೆ ಮುಂದಕ್ಕೆ ಬಂತು. ಧೂಳು ಇಳಿಯಲು ಇಪ್ಪತ್ತು ನಿಮಿಷ. ದೊಡ್ಡಮ್ಮ ನಿಂತಿರುತ್ತಿದ್ದ ಜಾಗದ ಮೇಲೆ ಈಗ ಮನೆ ಗಾತ್ರದ ಬಂಡೆಗಳು. ಅಳೆದೆ, ಅಭ್ಯಾಸ. ಅಲ್ಲಿ ರಾಶಿಯ ಎತ್ತರ ಇಪ್ಪತ್ತಾರು ಮೀಟರ್.

ದಡದ ಮೇಲೆ ಎಲ್ಲರೂ ನಿಂತಿದ್ದರು. ಭಾವ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಬಹಳ ಹೊತ್ತು ತಮ್ಮ ಜಾಗ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅಷ್ಟೇ. ಡಂಪರ್ ಹತ್ತಿ ಹೋದರು.

ಮೇ 30, ಶನಿವಾರ

ಮೆಮೊ ಬಂತು. ಹತ್ತು ವಾರ ತಪ್ಪು ವರದಿ ಸಲ್ಲಿಸಿದ್ದೇಕೆ, ಏಳು ದಿನದೊಳಗೆ ಉತ್ತರಿಸಿ. ಉತ್ತರ ಎಂಟು ಸಾಲು. ಎಂಟನೇ ಸಾಲಿನಲ್ಲಿ ಹನ್ನೆರಡೂ ಹತ್ತರ ವಿಷಯವನ್ನೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಸಂಜೆ ಡಬ್ಬಿಯ ಜೊತೆ ಅಕ್ಕನೂ ಬಂದಳು. ಬಾಗಿಲಲ್ಲಿ ನಿಂತು, "ಮಲಗಿದ್ದಾಗ ಟಪ್ ಟಪ್ ಅಂತ ಕೇಳಿಸುತ್ತಂತೆ ಅವರಿಗೆ," ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಮೆಮೊಗೆ ಬರೆದ ಉತ್ತರ ಕೊಟ್ಟೆ, ಓದಿದಳು, ಎಂಟನೇ ಸಾಲನ್ನು ಎರಡು ಸಲ. "ಇದನ್ನ ಅವರಿಗೆ ತೋರಿಸ್ಲಾ?"

"ಬೇಡ," ಅಂದೆ. ಅವಳು ಮಡಚಿ ತೆಗೆದುಕೊಂಡು ಹೋದಳು. ಅಕ್ಕಂದಿರಿಗೆ ಬೇಡ ಅಂದರೆ ಹಾಗೇ ಕೇಳಿಸೋದು.

ಜೂನ್ 1, ಸೋಮವಾರ, ಬೆಳಗ್ಗೆ 6.05

ಉಪಕರಣ ಕೂರಿಸಿದ್ದೇನೆ. ಮೋಡ, ಬಿಸಿಲಿಲ್ಲ, ತಪ್ಪು ಹೊರಿಸಲು ಯಾರೂ ಇಲ್ಲ. ಬಿದ್ದ ರಾಶಿಯ ಆಚೆ ಹೊಸ ಗೋಡೆ. ಅದಕ್ಕೆ ನಿನ್ನೆ ಎಂಟು ಗಾಜು ನೆಟ್ಟೆವು. ದೊಡ್ಡಮ್ಮ ಉತ್ತರದ ತುದಿಯಲ್ಲಿ ನಿಂತಿದ್ದಾಳೆ, ಬಕೆಟ್ ನೆಲಕ್ಕೆ ಊರಿಕೊಂಡು. ಕ್ಯಾಬಿನ್ನಿನ ದೀಪ ಉರಿಯುತ್ತಿದೆ. ಐದು ನಿಮಿಷದಿಂದ ಹಾಗೇ ಇದ್ದಾಳೆ. ಬಕೆಟ್ ಎತ್ತುತ್ತಿಲ್ಲ.

ಯಾಕೆ ಅಂತ ನೋಡುತ್ತಿದ್ದೆ. ವಾಕಿಟಾಕಿ ಗೊರಗೊರ ಅಂತು. ಮೂರು ವಾರದ ಮೇಲೆ ಭಾವನ ದನಿ.

"ಏನಪ್ಪಾ ಸರ್ವೆ."

ಡೈರಿ ತೊಡೆಯ ಮೇಲಿಟ್ಟು ವಾಕಿಟಾಕಿ ಎತ್ತಿಕೊಂಡೆ.

"ಎಂಟನೇ ಸಾಲು ಓದ್ದೆ. ಅಕ್ಷರ ಕಾಗೆ ಕಾಲು. ಗೋಡೆ ಹೇಗಿದೆ?"

ಆರು ವರ್ಷದ ರೂಢಿ ತುಟಿಯವರೆಗೆ ಬಂತು. ನುಂಗಿದೆ.

"ಗೊತ್ತಿಲ್ಲ ಭಾವ. ಅಳೆದು ಹೇಳ್ತೀನಿ. ಹತ್ತು ನಿಮಿಷ ಕಾಯ್ತೀರಾ?"

"ಕಾಯದೆ ಇನ್ನೇನು ಮಾಡ್ಲಿ, ಬಕೆಟ್ ನೆಲದ ಮೇಲೇ ಇದೆ. ಅಳೆ, ಅಳೆ."

ಕಾಯ್ತಿದ್ದಾರೆ. ದೀಪ ಕಾಣ್ತಿದೆ. ಹತ್ತು ನಿಮಿಷ ಆಯಿತು. ಮೊದಲು ಟ್ಯಾಂಕು. ಆಮೇಲೆ—